ಮರೆವಿನ ವರ

ತಾಯಿಯ ತಲೆ ಕಡಿದು ಬಂದ ಪರಶುರಾಮನಿಗೆ ತಂದೆ ಜಮದಗ್ನಿ ಮೆಚ್ಚಿ, ವರ ಕೇಳು ಎನ್ನುತ್ತಾನೆ. ಅವನು ಕೇಳಿದ ಮೊದಲ ವರ ನಮ್ಮ ಕಡೆ ಸಣ್ಣ ಮಕ್ಕಳಿಗೂ ಗೊತ್ತು: ತಾಯಿ ಬದುಕಿ ಬರಬೇಕು. ಎರಡನೆಯ ವರವನ್ನು ಮಾತ್ರ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಮಹಾಭಾರತದ ವನಪರ್ವದಲ್ಲಿ ಅದು ಸ್ಪಷ್ಟವಾಗಿಯೇ ಇದೆ: ತನ್ನನ್ನು ಕೊಂದದ್ದು ತಾಯಿಗೆ ನೆನಪಿರಬಾರದು. ಆಮೇಲೆ ತನಗೆ ಪಾಪ ತಟ್ಟಬಾರದು, ಅಣ್ಣಂದಿರು ಮೊದಲಿನಂತಾಗಬೇಕು, ಯುದ್ಧದಲ್ಲಿ ತನಗೆ ಎದುರಿರಬಾರದು, ದೀರ್ಘಾಯುಷ್ಯ ಬೇಕು ಎಂದು ಪಟ್ಟಿ ಬೆಳೆಯುತ್ತದೆ. ಎಲ್ಲವೂ ಸಿಕ್ಕವು. ಬದುಕಿ ಎದ್ದ ರೇಣುಕೆಯನ್ನು, ನಿನಗೇನು ಬೇಕವ್ವಾ ಎಂದು ಕೇಳಿದವರಿಲ್ಲ.

ಆಕೆಯ ತಪ್ಪಾದರೂ ಏನು? ನೀರಿಗೆ ಹೋದಾಗ ಹೆಂಡಿರ ಜೊತೆ ಜಲಕ್ರೀಡೆಯಾಡುತ್ತಿದ್ದ ಚಿತ್ರರಥನೆಂಬ ರಾಜನನ್ನು ಕಂಡಳು, ಮನಸ್ಸು ಒಂದು ಗಳಿಗೆ ಅತ್ತ ವಾಲಿತು. ನಮ್ಮ ಜೋಗತಿಯರ ಹಾಡಿನಲ್ಲಾದರೆ ಮಲಪ್ರಭೆಯ ದಂಡೆ, ಮರಳಿನ ಕೊಡ, ಹಾವಿನ ಸಿಂಬಿ. ಮನಸ್ಸು ಕದಲಿದ್ದೇ ಕೊಡ ಕರಗಿತು. ಸಂಶಯಕ್ಕೆ ಅಷ್ಟು ಸಾಕಾಯಿತು. ನಾಲ್ವರು ಹಿರಿಯ ಮಕ್ಕಳಿಗೆ, ಕಡಿಯಿರಿ ಎಂದು ಅಪ್ಪಣೆಯಾಯಿತು. ರುಮಣ್ವಂತ, ಸುಷೇಣ, ವಸು, ವಿಶ್ವಾವಸು, ನಾಲ್ವರೂ ಕೈಯೆತ್ತಲಿಲ್ಲ. ತಂದೆಯ ಶಾಪದಿಂದ ಬುದ್ಧಿಗೆಟ್ಟು ಮೃಗಪಕ್ಷಿಗಳಂತಾದರು. ಐದನೆಯವನು ಕೊಡಲಿ ಎತ್ತಿದ. ಪಿತೃವಾಕ್ಯ ಪರಿಪಾಲನೆಗೆ ಇದನ್ನೇ ಉದಾಹರಣೆಯಾಗಿ ಶಾಲೆಯಲ್ಲಿ ನಾನೂ ಕಲಿತಿದ್ದೆ, ಮುಂದೆ ಅಕ್ಕೋರಾಗಿ ಮಕ್ಕಳಿಗೂ ಹೇಳಿದ್ದೆ.

ಆ ರೇಣುಕೆಯೇ ನಮ್ಮ ಎಲ್ಲಮ್ಮ. ಆಕೆಯ ಸವದತ್ತಿಯ ಗುಡ್ಡಕ್ಕೆ ಶಿಗ್ಗಾಂವಿಯಿಂದ ಹುಬ್ಬಳ್ಳಿ, ಧಾರವಾಡ ದಾಟಿ ಹೋಗುತ್ತೇವೆ. ಪಡ್ಡಲಗಿ ತುಂಬಿಸಿ, ಉಧೋ ಉಧೋ ಎನ್ನುತ್ತೇವೆ. ಮಾರ್ಗಶಿರದ ಹೊಸ್ತಿಲ ಹುಣ್ಣಿಮೆಗೆ, ಗಂಡ ಸತ್ತನೆಂದು ಎಲ್ಲಮ್ಮನ ಬಳೆ ಒಡೆಯುವ ಆಚರಣೆ. ಮಾಘದ ಭಾರತ ಹುಣ್ಣಿಮೆಗೆ ಆಕೆ ಮತ್ತೆ ಮುತ್ತೈದೆ. ಜಮದಗ್ನಿ ಸತ್ತದ್ದಕ್ಕೆ ಒಂದು ಹುಣ್ಣಿಮೆ ಇದೆ. ಆಕೆಯ ಕತ್ತು ಬಿದ್ದ ದಿನಕ್ಕೊಂದು ಹುಣ್ಣಿಮೆಯನ್ನು ನಮ್ಮ ಓಣಿಯಲ್ಲಿ ಯಾರೂ ಹಿಡಿಯುವುದಿಲ್ಲ. ಆ ಎರಡನೆಯ ವರ ಇನ್ನೂ ಫಲಿಸುತ್ತಲೇ ಇದೆ ಎಂದು ನನಗೆ ಅನ್ನಿಸುವುದು ಈ ಕಾರಣಕ್ಕೆ.

ನಿವೃತ್ತಿಯಾದ ಮೇಲೆ ನನಗೆ ಎರಡು ಕೆಲಸ ಅಂಟಿಕೊಂಡಿವೆ. ಸೋಮವಾರ ಅಕ್ಕನ ಬಳಗದಲ್ಲಿ ವಚನ ಹೇಳಿಸುವುದು, ಉಳಿದ ದಿನ ಓಣಿಯವರ ಅರ್ಜಿ ಬರೆದುಕೊಡುವುದು. ರೇಷನ್ ಕಾರ್ಡಿನಲ್ಲಿ ಹೆಸರು ಸೇರಿಸಲು, ಗೃಹಲಕ್ಷ್ಮಿಯ ಎರಡು ಸಾವಿರ ನಿಂತುಹೋದದ್ದಕ್ಕೆ, ಮಗಳ ಜಾತಿ ಪ್ರಮಾಣಪತ್ರಕ್ಕೆ. ಹಾಗೆ ಬಂದ ಒಬ್ಬಾಕೆ ಆಧಾರ್ ಕಾರ್ಡು ಕೊಡುವಾಗ ಸೆರಗನ್ನು ಎಡಗೈ ಮೇಲೆ ಎಳೆದುಕೊಂಡಳು. ಮಣಿಕಟ್ಟಿನಲ್ಲಿ ಬಳೆ ಒಡೆದು ಚುಚ್ಚಿದ ಗಾಯ, ಅರ್ಧಚಂದ್ರಾಕಾರ, ಅದರ ಮೇಲೆ ಅರಿಶಿಣ ಮೆತ್ತಿತ್ತು. ಉಳಿದ ಹಸಿರು ಬಳೆ ಮೂರು. ನಾನು ಕೇಳಲಿಲ್ಲ, ಆಕೆ ಹೇಳಲೂ ಇಲ್ಲ. ಅರ್ಜಿ ಮುಗಿದು ಎದ್ದು ನಿಂತ ಮೇಲೆ ಬಾಗಿಲಲ್ಲಿ ತಿರುಗಿ ಕೇಳಿದಳು: "ಅಕ್ಕೋರ, ತಾಳಕೊಂಡ್ರ ಪುಣ್ಯಾ ಬರತೈತಿ ಅಂತಾರಲ್ರಿ, ಖರೇನ?"

ಕಾನೂನಿನ ಪ್ರಶ್ನೆಯಾಗಿದ್ದರೆ ಸುಲಭವಿತ್ತು. ಕೇಳಿದ್ದು ದೇವರ ಲೆಕ್ಕದ ಬಗ್ಗೆ.

ತಾಳ್ಮೆ ದೊಡ್ಡ ಗುಣ, ಅನುಮಾನವಿಲ್ಲ. ಆದರೆ ಎದ್ದು ಹೋಗಬಲ್ಲವಳು ಕೂತು ತಾಳಿದರೆ ಅದು ತಾಳ್ಮೆ. ಎದ್ದು ಹೋಗಲು ಜಾಗವೇ ಇಲ್ಲದವಳಿಗೆ ಅದೇ ಹೆಸರು ಕೊಟ್ಟು ಪುಣ್ಯದ ಆಸೆ ತೋರಿಸುವುದು, ಹೊಡೆದವನ ಪಾಪವನ್ನು ಅವಳ ತಲೆಯ ಮೇಲೆಯೇ ಹೊರಿಸಿದಂತೆ. ಹಣೆಬರಹ ಎನ್ನುವವರಿಗೆ ನಾನು ಕೇಳುವುದಿಷ್ಟೇ: ಅವಳ ಹಣೆಯಲ್ಲಿ ಏಟು ಬರೆದಿದ್ದರೆ ಅವನ ಹಣೆಯಲ್ಲಿ ಪೊಲೀಸ್ ಸ್ಟೇಷನ್ ಬರೆದಿರಬಾರದೇಕೆ? ಕರ್ಮದ ಲೆಕ್ಕ ಒಂದೇ ಕಡೆ ನಿಲ್ಲುವುದು ಯಾವ ಶಾಸ್ತ್ರ?

ಮುಂದಿನ ಮಾತು ಸಾಮಾನ್ಯವಾಗಿ ಕುಡಿತದ್ದು. "ಕುಡದಾಗಷ್ಟ ಹಂಗ, ಇಲ್ಲಂದ್ರ ದೇವರಂಥಾ ಮನಷ್ಯಾ." ಇದಕ್ಕೂ ನಮ್ಮ ತಾಲ್ಲೂಕಿನಲ್ಲೇ ಒಂದು ಹಳೆಯ ಕಥೆಯಿದೆ. ಬಾಡದಲ್ಲಿ ಹುಟ್ಟಿದ ಕನಕದಾಸರು ನಳಚರಿತ್ರೆ ಬರೆದರು. ಕಲಿ ಹೊಕ್ಕ ನಳ ಜೂಜಾಡಿ ರಾಜ್ಯ ಕಳೆದು, ನಿದ್ದೆ ಹೋದ ದಮಯಂತಿಯನ್ನು ನಡುಕಾಡಿನಲ್ಲಿ ಬಿಟ್ಟು ಹೋಗುತ್ತಾನೆ. ಮಾಡಿದ್ದು ನಳನಲ್ಲ, ಕಲಿ ಎನ್ನುತ್ತೇವೆ. ಆದರೆ ನಮ್ಮ ಓಣಿಯ ಕಲಿ ಬಲು ಜಾಣ. ಎಷ್ಟೇ ಏರಿರಲಿ, ಸಾಲ ಕೊಟ್ಟ ಸಾವುಕಾರನಿಗೆ ಕೈ ಎತ್ತುವುದಿಲ್ಲ, ಬಸ್ ಸ್ಟ್ಯಾಂಡಿನ ಪೊಲೀಸಪ್ಪನಿಗೂ ಎತ್ತುವುದಿಲ್ಲ. ಸೀದಾ ಮನೆಗೆ ಬಂದು ಬಾಗಿಲು ಹಾಕಿಕೊಳ್ಳುವಷ್ಟು ಎಚ್ಚರ ಅವನಿಗಿರುತ್ತದೆ. ದಮಯಂತಿಯ ಬಗ್ಗೆಯೂ ಅರ್ಧ ಕಥೆಯನ್ನೇ ಹೇಳುತ್ತೇವೆ. ಆಕೆ ಕಾಡಿನಲ್ಲಿ ಅಳುತ್ತ ಕೂರಲಿಲ್ಲ; ಆಸರೆ ಹುಡುಕಿದಳು, ತವರಿಗೆ ಮುಟ್ಟಿದಳು, ಊರೂರಿಗೆ ಜನ ಕಳಿಸಿದಳು, ಎರಡನೇ ಸ್ವಯಂವರದ ಸುದ್ದಿ ಹಬ್ಬಿಸಿ ಗಂಡನನ್ನೇ ಹೊರಗೆಳೆದಳು.

ಈ ಹೊಡೆತ ಬರೀ ನಮ್ಮ ಓಣಿಯ ರೋಗವಲ್ಲ. 2019-20ರಲ್ಲಿ ನಮ್ಮ ರಾಜ್ಯದಲ್ಲಿ ನಡೆದ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಮದುವೆಯಾದ 18ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 44.4ರಷ್ಟು ಮಂದಿ ಗಂಡನ ಹಿಂಸೆ ಕಂಡಿದ್ದೇವೆ ಎಂದರು. ದೇಶದಲ್ಲೇ ನಾವು ಮುಂದು. ಅದೇ ಸಮೀಕ್ಷೆ, ಯಾವ ಕಾರಣಕ್ಕೆ ಹೊಡೆದರೆ ಸರಿ ಎಂದು ಏಳು ಕಾರಣ ಮುಂದಿಟ್ಟು ಕೇಳಿತು: ಹೇಳದೆ ಹೊರಗೆ ಹೋದರೆ, ಮನೆ-ಮಕ್ಕಳನ್ನು ನೋಡಿಕೊಳ್ಳದಿದ್ದರೆ, ಎದುರು ಮಾತಾಡಿದರೆ, ಅಡುಗೆ ಕೆಟ್ಟರೆ, ಅತ್ತೆ-ಮಾವನಿಗೆ ಮರ್ಯಾದೆ ಕೊಡದಿದ್ದರೆ, ಹಾಸಿಗೆಗೆ ಬರಲೊಲ್ಲೆ ಎಂದರೆ, ನಡತೆ ಮೇಲೆ ಸಂಶಯ ಬಂದರೆ. ಜಮದಗ್ನಿಯ ಕಾರಣವೂ ಆ ಪಟ್ಟಿಯಲ್ಲಿದೆ. ಕರ್ನಾಟಕದ ಹೆಂಗಸರಲ್ಲೇ ಮುಕ್ಕಾಲು ಪಾಲು ಜನ ಏಳರಲ್ಲಿ ಒಂದಕ್ಕಾದರೂ ಹೂಂ ಎಂದಿದ್ದಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ತಾಳಿದ್ದಕ್ಕೆ ಒಂದು ಅರ್ಥ ಬೇಡವೇ ಅವರಿಗೆ?

ಬಳಗದ ಹಿರಿಯರೊಬ್ಬರು ಗಂಡನೇ ದೇವರಲ್ಲವೇನ್ರಿ ಎಂದು ವಾದಕ್ಕೆ ನಿಂತರು. ನಾನು ಅವರ ಕೊರಳಿನ ಲಿಂಗವನ್ನೇ ತೋರಿಸಿದೆ. ಶರಣರ ಮತದಲ್ಲಿ ಶರಣಸತಿ, ಲಿಂಗಪತಿ. ಪತಿ ಎಂಬುವನು ಲಿಂಗವೊಬ್ಬನೇ. ಗಂಡಸಾದರೂ ಭಕ್ತನಾದ ಮೇಲೆ ಅವನೂ ಸತಿಯೇ. ಹಾಗಿದ್ದ ಮೇಲೆ ಮನೆಯ ಗಂಡಸು ದೇವರ ಗದ್ದುಗೆ ಏರಿದ್ದು ಯಾವಾಗ? ಅವನ ಎದೆಯ ಮೇಲಿರುವ ಲಿಂಗವೇ ಅವಳ ಎದೆಯ ಮೇಲೂ ಇದೆ. ಅಲ್ಲಿಗೆ ಒದೆಯುವವನು ಯಾರನ್ನು ಒದೆಯುತ್ತಿದ್ದಾನೆ? ಇನ್ನೂ ಒಂದು ಮಾತು ನನ್ನ ನಾಲಿಗೆ ತುದಿಯಲ್ಲಿತ್ತು, ಆಡಿಯೇ ಬಿಟ್ಟೆ. ನಮ್ಮ ಬಳಗಕ್ಕೆ ಯಾರ ಹೆಸರಿದೆ? ಹರಿಹರನ ರಗಳೆಯ ಪ್ರಕಾರ ಮೂರು ಷರತ್ತು ಹಾಕಿ ಕೌಶಿಕನ ಅರಮನೆಗೆ ಹೋದವಳು, ಅವನು ಮಾತಿಗೆ ತಪ್ಪಿದಾಗ ಹೊರಟುಬಂದವಳು. ಅವಳನ್ನು ಅಕ್ಕ ಎನ್ನುತ್ತೇವೆ. ಮಗಳು ಹೊರಟುಬಂದರೆ ಮಾತ್ರ ಮಂದಿ ಏನಂತಾರ ಎನ್ನುತ್ತೇವೆ.

ಗೋಡೆಯಾಚೆಯ ಮುಸ್ಲಿಂ ಮನೆಗಳಲ್ಲೂ ಸಬರ್ ಮಾಡು ಎಂಬ ಬುದ್ಧಿಮಾತೇ. ಪ್ರವಾದಿಯವರು ಎಂದೂ ಹೆಂಗಸಿನ ಮೇಲಾಗಲಿ ಆಳಿನ ಮೇಲಾಗಲಿ ಕೈ ಮಾಡಲಿಲ್ಲವೆಂದು ಅವರ ಪತ್ನಿ ಆಯಿಷಾ ಹೇಳಿದ್ದು ಹದೀಸಿನಲ್ಲಿದೆ. ಖುಲಾ ಕೇಳುವ ದಾರಿಯಿದೆ. 1939ರ ಮುಸ್ಲಿಂ ವಿವಾಹ ವಿಸರ್ಜನಾ ಕಾಯ್ದೆಯಲ್ಲಿ ಗಂಡನ ಕ್ರೌರ್ಯವೂ ಒಂದು ಕಾರಣ. ಶಿಶುನಾಳದ ಗದ್ದುಗೆಗೆ ಎರಡೂ ಕಡೆಯ ಹೆಂಗಸರು ಹರಕೆ ಹೊರುತ್ತಾರೆ, ಹರಕೆಗಳು ಹೆಚ್ಚುಕಡಿಮೆ ಒಂದೇ: ಅವನಿಗೆ ಬುದ್ಧಿ ಕೊಡಪ್ಪಾ.

ಏಟು ತಾಳಲಾರದೆ ಗಂಡನ ಮನೆಯಿಂದ ಹೊರಟುಬಂದ ಹೆಣ್ಣುಮಗಳನ್ನು ನಾವು ಏನು ಮಾಡುತ್ತೇವೆ? ತವರಿಗೆ ಬಂದು ಎಂಟು ದಿನವಾಗುವಷ್ಟರಲ್ಲಿ ಹಿರಿಯರು ಕಟ್ಟೆಗೆ ಕೂಡುತ್ತಾರೆ. ಅವನಿಗೊಂದಿಷ್ಟು ಬೈಗುಳ, ಇವಳಿಗೊಂದಿಷ್ಟು ಬುದ್ಧಿ. ಆಮೇಲೆ ತಾಯಿ ಉಡಿ ತುಂಬುತ್ತಾಳೆ: ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿಣ ಕೊಂಬು, ಮೇಲೊಂದು ಖಣ. ಉಡಿ ತುಂಬುವುದು ಎಷ್ಟು ಚಂದದ ಶಾಸ್ತ್ರ! ಆದರೆ ಕಣ್ಣ ಕೆಳಗೆ ಕಪ್ಪಗಟ್ಟಿದವಳಿಗೆ ಉಡಿ ತುಂಬಿ ಅದೇ ಮನೆಗೆ ಕಳಿಸುವಾಗ ಎಲ್ಲರೂ ಹೇಳುವ ಮಾತೊಂದಿದೆ, "ಆಗಿದ್ದು ಆತು, ಮರತ ಬಿಡವಾ." ಪರಶುರಾಮ ತಂದೆಯ ಹತ್ತಿರ ಬೇಡಿದ್ದನ್ನು ಇವರು ಅವಳ ಹತ್ತಿರವೇ ಬೇಡುತ್ತಾರೆ. ಮರೆವಿನಿಂದ ಲಾಭ ಯಾರಿಗೆ? ಕೊಡಲಿ ಹಿಡಿದವನಿಗೆ, ಹಿಡಿಸಿದವನಿಗೆ, ನೋಡಿ ಸುಮ್ಮನಿದ್ದ ನಮಗೆ.

ಕಾನೂನು ಕೇಳುವುದು ಇದರ ಉಲ್ಟಾ. 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯ (ಸಿಡಿಪಿಒ) ಆಫೀಸಿಗೆ ಹೋದರೆ ಸಂರಕ್ಷಣಾಧಿಕಾರಿ ಒಂದು ಫಾರ್ಮು ತುಂಬಿಸುತ್ತಾರೆ, ಕೌಟುಂಬಿಕ ಘಟನಾ ವರದಿ. ಹಿಂಸೆಯ ಪ್ರತಿ ಘಟನೆಗೂ ಅದರಲ್ಲಿ ಒಂದು ಕಾಲಂ: ದಿನಾಂಕ, ಸ್ಥಳ, ವೇಳೆ. ಹೊಡೆತವೊಂದೇ ಅಲ್ಲ; ನಡತೆಯ ಮೇಲೆ ಆರೋಪ, ಗಂಡು ಹೆರಲಿಲ್ಲವೆಂಬ ಹೀಯಾಳಿಕೆ, ಊಟ-ಔಷಧಕ್ಕೆ ದುಡ್ಡು ಕೊಡದಿರುವುದು, ದುಡಿದ ಕೂಲಿ ಕಸಿಯುವುದು, ಬಲವಂತದ ಸಂಗ, ಎಲ್ಲಕ್ಕೂ ಅಲ್ಲಿ ಜಾಗವಿದೆ. ಅರ್ಜಿ ಹೋಗುವುದು ಮ್ಯಾಜಿಸ್ಟ್ರೇಟ್ ಕೋರ್ಟಿಗೆ. ಅವಳು ಕೇಳಬಹುದಾದದ್ದು: ಅವನು ಮೈಮುಟ್ಟದಂತೆ ಆದೇಶ, ಖರ್ಚಿಗೆ ಹಣ, ಮಕ್ಕಳು ತನ್ನ ಹತ್ತಿರ, ಇರಲು ಮನೆ. ಮನೆ ಮಾವನ ಹೆಸರಿನಲ್ಲಿದ್ದರೂ ಅವಳು ಸಂಸಾರ ಮಾಡಿದ ಮನೆ ಅದಾದರೆ ಅಲ್ಲಿ ವಾಸದ ಹಕ್ಕು ಕೇಳಬಹುದೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. "ಕೇಸ್ ಹಾಕಿದ್ರ ಗಂಡನ್ನ ಜೇಲಿಗೆ ಹಾಕತಾರ" ಎಂಬ ಹೆದರಿಕೆಯಿಂದಲೇ ಎಷ್ಟೋ ಜನ ಹಿಂದೆ ಸರಿಯುತ್ತಾರೆ. ಈ ಅರ್ಜಿಯಿಂದ ನೇರ ಜೈಲಾಗುವುದಿಲ್ಲ. ಕೋರ್ಟಿನ ರಕ್ಷಣಾ ಆದೇಶ ಮುರಿದರೆ ಒಂದು ವರ್ಷದವರೆಗೆ ಶಿಕ್ಷೆ. ಕ್ರೌರ್ಯಕ್ಕೆ ಪೊಲೀಸ್ ಕೇಸು ಬೇರೆ ಕಲಮು, ಮೊದಲು 498ಎ, 2024ರ ಜುಲೈನಿಂದ ನ್ಯಾಯ ಸಂಹಿತೆಯ 85. ವಕೀಲರ ಫೀಜಿನ ಚಿಂತೆ ಬೇಡ, ಹೆಂಗಸಿಗೆ ಆದಾಯ ನೋಡದೆ ಪುಕ್ಕಟೆ ಕಾನೂನು ನೆರವು ಉಂಟು. ಕೋರ್ಟಿನ ಆವರಣದಲ್ಲೇ ತಾಲ್ಲೂಕು ಕಾನೂನು ಸೇವಾ ಸಮಿತಿ ಇರುತ್ತದೆ. ರಾತ್ರಿ ಹೊತ್ತು ಜೀವಕ್ಕೆ ಬಂದರೆ 112, ದಾರಿ ತೋರಲು 181. ಅರವತ್ತು ದಿನದಲ್ಲಿ ಮುಗಿಸಲು ಯತ್ನಿಸಬೇಕೆಂದು ಕಾಯ್ದೆ ಹೇಳುತ್ತದೆ. ಕೋರ್ಟಿನ ಕಟ್ಟೆ ಸವೆಸಿದವರು ನಗುತ್ತಾರೆ, ನಗಲಿ.

ನನಗೆ ಆ ಕಾಯ್ದೆಯಲ್ಲಿ ಇಷ್ಟವಾದದ್ದು ನಾಲ್ಕನೇ ಕಲಮು. ಹಿಂಸೆ ನಡೆದಿದೆ ಎಂದು ಕಂಡ ಯಾರಾದರೂ ಸಂರಕ್ಷಣಾಧಿಕಾರಿಗೆ ತಿಳಿಸಬಹುದು, ಸದುದ್ದೇಶದಿಂದ ತಿಳಿಸಿದವರ ಮೇಲೆ ಯಾವ ಹೊಣೆಯೂ ಬರುವುದಿಲ್ಲ. ಕೈಯೆತ್ತಲೊಲ್ಲದ ಆ ನಾಲ್ವರು ಅಣ್ಣಂದಿರಿಗೆ ಶಾಪ ಸಿಕ್ಕಿತ್ತು, ನಮ್ಮ ಕಾಲದ ಕಾನೂನು ಅಂಥವರಿಗೆ ರಕ್ಷಣೆ ಕೊಟ್ಟಿದೆ. ಗೋಡೆಯಾಚೆಯಿಂದ ಸಪ್ಪಳ ಕೇಳಿದ ನಾವು ಟಿವಿಯ ದನಿ ಏರಿಸುವ ಅಗತ್ಯವಿಲ್ಲ.

ಹಸಿರು ಬಳೆಯಾಕೆ ತಿಂಗಳ ಮೇಲೆ ಮತ್ತೆ ಬಂದಳು. ಶಕ್ತಿ ಯೋಜನೆಯ ಬಸ್ಸು ದುಡ್ಡು ಕೇಳುವುದಿಲ್ಲ, ಸಂತೆಯ ದಿನ ಚೀಲ ಹಿಡಿದು ಬಂದರೆ ಮನೆಯಲ್ಲಿ ಸಂಶಯವಿಲ್ಲ. ಹಿಂಸೆಯ ವಿವರ ಬರೆಯಲು ಕೂತು ದಿನಾಂಕದ ಕಾಲಮ್ಮಿಗೆ ಬಂದು ನಿಂತೆವು. ತಾರೀಖು ಒಂದೂ ನೆನಪಿಲ್ಲ ಎಂದಳು. ಹಬ್ಬ ನೆನಪೈತೇನು ಎಂದೆ. ಅಲ್ಲಿಂದ ಹೊರಬಿತ್ತು ನೋಡಿ. ಕಾರಹುಣ್ಣಿಮೆಗೆ ಎತ್ತಿನ ಕೊಂಬಿಗೆ ಬಣ್ಣ ಬಳಿದ ಮರುದಿನ, ಹೋಳಿಗೆ ಸೀದದ್ದಕ್ಕೆ. ನಾಗರ ಪಂಚಮಿಗೆ ಅಣ್ಣ ಕರೆಯಲು ಬಂದಾಗ ಕಳಿಸಲೊಲ್ಲೆನೆಂದು, ಅಣ್ಣನ ಎದುರಿಗೇ. ಸೀಗಿ ಹುಣ್ಣಿಮೆಗೆ ಹೊಲದಲ್ಲಿ ಚರಗ ಚೆಲ್ಲಿ ಬಂದ ಸಂಜೆ, ಕುಡುಗೋಲಿನ ಹಿಡಿಯಿಂದ. ಗೋಡೆಯ ಕ್ಯಾಲೆಂಡರು ಇಳಿಸಿ ಹುಣ್ಣಿಮೆ, ಪಂಚಮಿ ಹಿಡಿದು ಒಂದೊಂದೇ ತಾರೀಖು ಬರೆದೆ. ಆಕೆ ಏನೂ ಮರೆತಿರಲಿಲ್ಲ. ಕೇಳಿದವರಿರಲಿಲ್ಲ, ಅಷ್ಟೇ.

ಪುಣ್ಯದ ಪ್ರಶ್ನೆಯನ್ನು ಅವತ್ತು ಆಕೆ ಎತ್ತಲಿಲ್ಲ. ಕೇಳಿದ್ದು ಬೇರೆ: "ಹಿರ್ಯಾರು ಕೂಡಿ ಕಳಿಸಿದ್ರ ನಾ ಹೊಳ್ಳಿ ಹೋಗಬಹುದೇನ್ರಿ?" ಹೋಗಬಹುದು ಎಂದೆ, ಅದು ನಿನ್ನ ಸಂಸಾರ, ನಿನ್ನ ತೀರ್ಮಾನ, ಆದರೆ ಕಟ್ಟೆಯ ಮೇಲೆ ಈ ತಾರೀಖುಗಳನ್ನು ಒಂದೂ ಬಿಡದೆ ಓದಿಸು, ಅವನು ಕೇಳಿಸಿಕೊಳ್ಳಲಿ. ಒಂದು ಪ್ರತಿ ಸಿಡಿಪಿಒ ಆಫೀಸಿಗೆ, ಒಂದು ಅಣ್ಣನ ಹತ್ತಿರ. ಜೆರಾಕ್ಸ್ ಅಂಗಡಿಯಲ್ಲಿ ಆಕೆ ಮೂರು ಪ್ರತಿ ತೆಗೆಸಿದಳು. ಮೂರನೆಯದು ಯಾರಿಗೆ ಎಂದದ್ದಕ್ಕೆ, "ನನಗ" ಎಂದು ಮಡಚಿ ಕುಪ್ಪಸದೊಳಗೆ ಇಟ್ಟುಕೊಂಡಳು.