ಕೈಯೂ ಓದುತ್ತದೆ

ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ವಾರ ನಮ್ಮ ಕಾಮಾಕ್ಷಿಪಾಳ್ಯದ ಬೀದಿಗಳಲ್ಲಿ ಒಂದು ವಿಚಿತ್ರವನ್ನು ಗಮನಿಸುತ್ತೇನೆ. ಮಗ ಪಿಯುಸಿ ಸೈನ್ಸಿಗೆ ಸೇರಿದನೆಂದು ಹೇಳುವ ತಾಯಿಯ ದನಿ ಮೂರು ಮನೆಯಾಚೆಗೂ ಕೇಳುತ್ತದೆ. ಐಟಿಐಗೋ ಡಿಪ್ಲೊಮಾಗೋ ಸೇರಿದನೆಂದು ಹೇಳುವ ತಾಯಿಯ ದನಿ ಇದ್ದಕ್ಕಿದ್ದಂತೆ ಇಳಿಯುತ್ತದೆ. "ಏನೋ ಸೇರಿಸಿದ್ದೀವಿ ಕಣ್ರೀ, ತಲೆಗೆ ಓದು ಹತ್ತಲಿಲ್ಲ" ಎಂದು ಯಾರೂ ಕೇಳದ ಸಮಜಾಯಿಷಿಯೂ ಜೊತೆಗೆ ಬರುತ್ತದೆ. ಹಗಲಿಡೀ ಲೇತು, ಪ್ರೆಸ್ಸುಗಳ ಸದ್ದಿನ ನಡುವೆ ಬದುಕುವ, ಆ ಸದ್ದಿನ ದುಡ್ಡಿನಲ್ಲೇ ಅಕ್ಕಿ ಬೇಳೆ ತರುವ ನಮ್ಮಲ್ಲೇ ಹೀಗಾದರೆ ಬೇರೆ ಕಡೆಯ ಮಾತೇನು?

ದಡ್ಡರಿಗೆ ಐಟಿಐ ಎನ್ನುವುದು ಮೊದಲನೆಯ ತಪ್ಪು ಕಲ್ಪನೆ. ಟರ್ನರ್ ಆಗುವವನು ಕಬ್ಬಿಣದ ಸರಳನ್ನು ಮಿಲಿಮೀಟರಿನ ನೂರನೆಯ ಒಂದು ಭಾಗದಷ್ಟು ಲೆಕ್ಕವಿಟ್ಟು ಸವೆಸಬೇಕು. ನಮ್ಮ ತಲೆಗೂದಲೊಂದರ ದಪ್ಪ ಅದರ ಐದಾರು ಪಟ್ಟಾದರೂ ಇರುತ್ತದೆ. ನಕ್ಷೆ ಓದಬೇಕು, ಗಣಿತ ಬೇಕು, ಲೋಹದ ಗುಣ ತಿಳಿದಿರಬೇಕು. ಇಷ್ಟೂ ತಲೆಯಲ್ಲಿದ್ದು ಕೈ ಪಳಗದಿದ್ದರೆ ಪ್ರಯೋಜನವಿಲ್ಲ. ಹೆಂಗಸರಾದ ನಮಗೆ ಇದನ್ನು ಬಿಡಿಸಿ ಹೇಳಬೇಕೆ? ಬೆಲ್ಲದ ಪಾಕವನ್ನು ಬೆರಳ ನಡುವೆ ಹಿಡಿದು ಒಂದೆಳೆಯೋ ಎರಡೆಳೆಯೋ ಎಂದು ಹೇಳುವ ಅಜ್ಜಿಯ ಜ್ಞಾನ ಯಾವ ಪುಸ್ತಕದ ಜ್ಞಾನಕ್ಕಿಂತ ಕಡಿಮೆ? ಕೈಯೂ ಓದುತ್ತದೆ. ಅದರ ಓದಿಗೆ ಅಂಕಪಟ್ಟಿ ಕೊಡುವುದು ಕಷ್ಟ, ಅಷ್ಟೆ.

ಅಲ್ಲಿಗೆ ಹೋದರೆ ದಾರಿ ಮುಗಿಯಿತು ಎನ್ನುವುದು ಎರಡನೆಯದು. ಐಟಿಐ ಮುಗಿಸಿದವರು ಡಿಪ್ಲೊಮಾದ ಎರಡನೆಯ ವರ್ಷಕ್ಕೆ ಸೇರಬಹುದು. ಮೂರು ವರ್ಷದ ಡಿಪ್ಲೊಮಾ ಮುಗಿಸಿದವರು ಪರೀಕ್ಷೆ ಬರೆದು ಎಂಜಿನಿಯರಿಂಗಿನ ಎರಡನೆಯ ವರ್ಷಕ್ಕೆ ಸೇರಬಹುದು. ಹೋಗದೆ ಅಲ್ಲೇ ನಿಂತರೂ ಕೊರತೆಯೇನಿಲ್ಲ. ಗುರುದತ್ತರ 'ಪ್ಯಾಸಾ', 'ಕಾಗಜ್ ಕೆ ಫೂಲ್' ಚಿತ್ರಗಳಿಗೆ ಬೆಳಕು ನೆರಳು ಹೊಂದಿಸಿದ ಮೈಸೂರಿನ ವಿ.ಕೆ. ಮೂರ್ತಿ ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತವರು. 2010ರಲ್ಲಿ ಅವರಿಗೆ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಸಂದಿತು. ಕ್ಯಾಮೆರಾ ಹಿಡಿದವರೊಬ್ಬರಿಗೆ ಆ ಗೌರವ ಬಂದದ್ದು ಅದೇ ಮೊದಲು.

ಹೆಣ್ಣುಮಕ್ಕಳಿಗೆ ಇದು ಹೇಳಿಸಿದ್ದಲ್ಲ ಎನ್ನುವುದು ಮೂರನೆಯದು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಬೆಂಗಳೂರಿನಲ್ಲಿ ಶುರುವಾದ ಎಚ್‌ಎಂಟಿ ಗಡಿಯಾರದ ಕಾರ್ಖಾನೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ತಿರುಪುಗಳನ್ನು ಕೂರಿಸುತ್ತಿದ್ದವರಲ್ಲಿ ಎಷ್ಟೋ ಮಂದಿ ಹೆಂಗಸರೇ. ಆ ಕಾರ್ಖಾನೆ ಈಗ ಇಲ್ಲ. ಆದರೆ ಅದರ ಗಡಿಯಾರ ಎಷ್ಟೋ ಮನೆಗಳ ಬೀರುವಿನಲ್ಲಿ ಈಗಲೂ ಇದೆ, ಕೀ ಕೊಟ್ಟರೆ ನಡೆಯುತ್ತದೆ.

ಈ ಮೂರಕ್ಕೂ ಉತ್ತರ ಹೇಳುವುದು ಸುಲಭ. ಸುಲಭವಲ್ಲದ ಇನ್ನೊಂದು ಮಾತನ್ನು ನಮ್ಮ ಬೀದಿಯ ಮನೆಯೊಂದರಲ್ಲಿ ಕೇಳಿದೆ. ಆ ಮನೆಯ ಹುಡುಗಿಗೆ ಮೆಕ್ಯಾನಿಕಲ್ ಡಿಪ್ಲೊಮಾ ಮಾಡುವ ಆಸೆ. "ನೀವಾದ್ರೂ ಹೇಳಿ ಅಕ್ಕಾ, ನಾಳೆ ಗಂಡಿನ ಕಡೆಯವರು ಕೇಳಿದರೆ ಹುಡುಗಿ ಲೇತ್ ಕಲಿತಿದ್ದಾಳೆ ಅನ್ನಲಾ?" ಎಂದು ತಾಯಿ ನನ್ನನ್ನು ಕರೆಸಿದ್ದಳು. ತಂದೆ ಇಪ್ಪತ್ತೈದು ವರ್ಷದಿಂದ ಇಲ್ಲಿನ ವರ್ಕ್‌ಶಾಪುಗಳಲ್ಲಿ ಟರ್ನರ್. ಆತ ಹೆಚ್ಚು ಮಾತಾಡಲಿಲ್ಲ. ಎಡಗೈಯನ್ನು ಮುಂದೆ ಹಿಡಿದರು. ಎಂದೋ ಪ್ರೆಸ್ಸಿಗೆ ಸಿಕ್ಕಿ ಬೆರಳೊಂದರ ತುದಿ ಹೋಗಿತ್ತು. "ನನ್ನ ಕೈ ಸಾಕಮ್ಮಾ. ಅವಳ ಕೈಯಾದರೂ ಬೆಳ್ಳಗಿರಲಿ."

ಆ ಮಾತಿಗೆ ಏನೆನ್ನುವುದು? ಐಟಿಐ ಮುಗಿಸಿದ ಮರುದಿನವೇ ಕೈತುಂಬ ಸಂಬಳ ಎಂದು ನಂಬಿಸುವುದೂ ಸುಳ್ಳೇ. ಸಣ್ಣ ವರ್ಕ್‌ಶಾಪುಗಳಲ್ಲಿ ಮೊದಲ ಸಂಬಳ ಕಡಿಮೆ, ನಿಂತು ನಿಂತು ಕಾಲು ಸೋಲುತ್ತದೆ. ಇದನ್ನೆಲ್ಲ ಅನುಭವಿಸಿದವರ ಎದುರು ಕೆಲಸದ ಘನತೆಯ ಬಗ್ಗೆ ಉಪದೇಶ ಮಾಡಲು ನಾನು ಯಾರು?

ಆದರೆ ಯೋಚಿಸಿದಂತೆ ಆ ಮಾತಿನಲ್ಲಿ ಎರಡು ಎಳೆಗಳು ಕಂಡವು. ಒಂದು ಭಯ, ಇನ್ನೊಂದು ನಾಚಿಕೆ. ಭಯ ನ್ಯಾಯವಾದದ್ದು. ಅದಕ್ಕೆ ಮದ್ದೂ ಉಂಟು. ಎರಡೂ ಕೈ ಎರಡು ಗುಂಡಿ ಒತ್ತದ ಹೊರತು ಕೆಳಗಿಳಿಯದ ಪ್ರೆಸ್ಸುಗಳಿವೆ. ಅದನ್ನು ಹಾಕಿಸುವುದು ಮಾಲೀಕರ ಹೊಣೆ, ಹಾಕಿಸಿದ್ದಾರೆಯೇ ಎಂದು ನೋಡುವುದು ಸರ್ಕಾರದ ಹೊಣೆ. ನಾಚಿಕೆಯನ್ನು ಮಾತ್ರ ಆತನಿಗೆ ಯಂತ್ರ ಕೊಟ್ಟದ್ದಲ್ಲ. ಮದುವೆಮನೆಯಲ್ಲಿ "ಎಲ್ಲಿ ಕೆಲಸ?" ಎಂದು ಕೇಳಿ, ಉತ್ತರ ಬಂದೊಡನೆ ಬೇರೆಯವರತ್ತ ತಿರುಗಿದ ಜನ ಕೊಟ್ಟದ್ದು. ಮಗುವನ್ನು ಅಪಾಯದಿಂದ ಕಾಯುವ ಹಕ್ಕು ತಂದೆತಾಯಿಗೆ ಇದೆ. ಆದರೆ ಊರಿನವರ ತಾತ್ಸಾರಕ್ಕೆ ಮಗುವಿನ ಆಸೆಯನ್ನು ತೆರಿಗೆಯಾಗಿ ಕಟ್ಟುವ ಹಕ್ಕು ಇದೆಯೆ? ಪ್ರೀತಿಯಿಂದಲೇ ಕಟ್ಟಿದರೂ ಅದು ಅನ್ಯಾಯವೇ ಎಂದು ನನಗೆ ಅನ್ನಿಸುತ್ತದೆ.

ನಾನು ಹೇಳಿದ್ದು ಇಷ್ಟೆ: "ಕಾಲೇಜಿನ ಕಟ್ಟಡ ನೋಡಬೇಡಿ, ವರ್ಕ್‌ಶಾಪು ನೋಡಿಕೊಂಡು ಬನ್ನಿ. ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತಾಗುತ್ತೆ?" ಹಲಗೆ ಹೊಳೆಯುತ್ತಿದ್ದು ಯಂತ್ರಗಳ ಮೇಲೆ ಧೂಳು ಕೂತಿರುವ ಕಾಲೇಜುಗಳೂ ಇವೆಯಲ್ಲ. ಆತ ಒಂದು ದಿನ ರಜೆ ಹಾಕಿ ಮಗಳ ಜೊತೆ ಹೋದರು. ಬಂದು ಹೆಂಡತಿಗೆ ಒಂದೇ ಮಾತು ಹೇಳಿದರಂತೆ: "ಲೇತುಗಳನ್ನ ಚೆನ್ನಾಗಿ ಇಟ್ಟಿದ್ದಾರೆ." ಹುಡುಗಿ ಈಗ ಎರಡನೆಯ ವರ್ಷದಲ್ಲಿದ್ದಾಳೆ.

ನಮ್ಮ ಪಕ್ಕದ ಬಡಾವಣೆಗೆ ಬಸವೇಶ್ವರನಗರವೆಂದು ಹೆಸರು. ಆ ಬಸವಣ್ಣನವರ ಜೊತೆಗಿದ್ದ 12ನೆಯ ಶತಮಾನದ ಶರಣರು ತಮ್ಮ ಕಸುಬನ್ನು ಹೆಸರಿನ ಮುಂದೆಯೇ ಇಟ್ಟುಕೊಂಡರು. ಮಡಿವಾಳ ಮಾಚಿದೇವ, ಅಂಬಿಗರ ಚೌಡಯ್ಯ, ನೂಲುವ ಕದಿರ ರೆಮ್ಮವ್ವೆ. ನಾವು ಹೆಸರನ್ನು ಬಡಾವಣೆಗೆ ಇಟ್ಟು ಕಸುಬನ್ನು ಬಚ್ಚಿಡುತ್ತೇವೆ. ಆಯುಧಪೂಜೆಯ ದಿನ ಇಲ್ಲಿನ ಪ್ರತಿ ಯಂತ್ರಕ್ಕೂ ಅರಿಶಿನ ಕುಂಕುಮ ಹಚ್ಚಿ, ಬೂದುಗುಂಬಳ ಒಡೆದು ಕೈ ಮುಗಿಯುತ್ತಾರೆ. ಯಂತ್ರಕ್ಕೆ ಕೊಟ್ಟ ಮರ್ಯಾದೆಯಲ್ಲಿ ಅರ್ಧದಷ್ಟನ್ನಾದರೂ ಅದನ್ನು ನಡೆಸುವ ಕೈಗೆ ಕೊಟ್ಟರೆ, ಮುಂದಿನ ವರ್ಷ ಫಲಿತಾಂಶ ಬಂದಾಗ ಯಾವ ತಾಯಿಯೂ ದನಿ ಇಳಿಸಬೇಕಾಗಿಲ್ಲ.