ಭಯದಿಂದ ಪಾಲಿಸಿದ ಕಾನೂನು ವ್ರತವಾದೀತೆ?

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಚೌರ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆ. ಕಳ್ಳತನಕ್ಕೆ ಪ್ರೇರಣೆ ಕೊಡುವುದು, ಕದ್ದ ಮಾಲನ್ನು ಕೊಳ್ಳುವುದು, ವಿರುದ್ಧರಾಜ್ಯಾತಿಕ್ರಮ, ತೂಕ ಅಳತೆಗಳಲ್ಲಿ ಹೆಚ್ಚುಕಡಿಮೆ ಮಾಡುವುದು, ಒಳ್ಳೆಯ ಸರಕಿನಂತೆ ತೋರುವ ಕಳಪೆ ಸರಕನ್ನು ಮಾರುವುದು. ಇವುಗಳಲ್ಲಿ ನಾಲ್ಕನ್ನು ವ್ಯಾಪಾರ ಬಲ್ಲ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಮೂರನೆಯದು ಮಾತ್ರ ವಿಚಾರಕ್ಕೆ ಹಚ್ಚುತ್ತದೆ. ರಾಜ್ಯದ ಕಟ್ಟಳೆಯನ್ನು ಮೀರುವುದನ್ನು ಆಚಾರ್ಯರು ಕಳ್ಳತನದ ಸಾಲಿನಲ್ಲಿ ಏಕೆ ಇಟ್ಟರು? ರಾಜ್ಯವು ಹೇಳಿದ್ದೆಲ್ಲವೂ ಶ್ರಾವಕನಿಗೆ ಧರ್ಮವೆ? ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಈ ಪದವನ್ನು ಬಿಡಿಸುವಾಗ, ಉಚಿತವಾದ ನ್ಯಾಯವನ್ನು ಬಿಟ್ಟು ಬೇರೆ ರೀತಿಯಿಂದ ಕೊಡುಕೊಳ್ಳುವುದನ್ನೇ ಅತಿಕ್ರಮವೆನ್ನುತ್ತಾರೆ. ಅಲ್ಲಿ ರಾಜದಂಡದ ಭಯದ ಮಾತಿಲ್ಲವೆಂಬುದನ್ನು ವಾಚಕರು ಗಮನಿಸಬೇಕು.

ಈ ಪ್ರಶ್ನೆಯನ್ನು ಹಿಡಿದು ಹೊರಟವರಿಗೆ ಇಂಗ್ಲೆಂಡಿನ ಕಾನೂನು ತತ್ತ್ವಜ್ಞಾನಿ ಎಚ್. ಎಲ್. ಎ. ಹಾರ್ಟ್ (1907-1992) ಅವರ ಗ್ರಂಥಗಳು ಬಹಳ ಸಹಾಯಕ. ಯಹೂದಿ ಮನೆತನದಲ್ಲಿ ಹುಟ್ಟಿದ ಅವರು 1932ರಿಂದ ಎಂಟು ವರ್ಷ ಲಂಡನ್ನಿನಲ್ಲಿ ವಕೀಲಿ ನಡೆಸಿದರು. ಅವರು ವಾದಿಸುತ್ತಿದ್ದ ಮೊಕದ್ದಮೆಗಳಲ್ಲಿ ತೆರಿಗೆಯವೂ ಇದ್ದವು. ಆದಕಾರಣ ಲೆಕ್ಕಪತ್ರದ ಜಗತ್ತನ್ನು ಕಾಣದ ಪಂಡಿತರು ಅವರಲ್ಲ. ಯುದ್ಧಾನಂತರ ಆಕ್ಸ್‌ಫರ್ಡಿಗೆ ಮರಳಿ, 1952ರಲ್ಲಿ ನ್ಯಾಯಶಾಸ್ತ್ರದ ಪ್ರಾಧ್ಯಾಪಕರಾದರು. 1961ರಲ್ಲಿ ಪ್ರಕಟವಾದ ‘ದಿ ಕಾನ್ಸೆಪ್ಟ್ ಆಫ್ ಲಾ’ ಅವರ ಮುಖ್ಯ ಕೃತಿ.

ಅದಕ್ಕೆ ಮೊದಲು ಇಂಗ್ಲೆಂಡಿನಲ್ಲಿ ಹತ್ತೊಂಬತ್ತನೆಯ ಶತಮಾನದ ಜಾನ್ ಆಸ್ಟಿನ್ನರ ಸಿದ್ಧಾಂತಕ್ಕೆ ಮನ್ನಣೆಯಿತ್ತು. ಕಾನೂನೆಂದರೆ ಸಾರ್ವಭೌಮನ ಆಜ್ಞೆ, ಅದರ ಬೆನ್ನಿಗೆ ದಂಡನೆಯ ಬೆದರಿಕೆ ಎಂಬುದೇ ಆ ಸಿದ್ಧಾಂತ. ಹಾರ್ಟರು ಒಂದು ಸರಳ ದೃಷ್ಟಾಂತದಿಂದ ಇದನ್ನು ಅಲುಗಾಡಿಸಿದರು. ಪಿಸ್ತೂಲು ಹಿಡಿದವನೊಬ್ಬನು ಹಣ ಕೊಡೆಂದು ಬೆದರಿಸಿದನು, ನಾವು ಕೊಟ್ಟೆವು. ಕೊಡದೆ ವಿಧಿಯಿರಲಿಲ್ಲ ಎಂದು ಆಮೇಲೆ ಹೇಳಬಹುದು. ಕೊಡುವುದು ನಮ್ಮ ಬಾಧ್ಯತೆಯಾಗಿತ್ತು ಎಂದು ಯಾರೂ ಹೇಳರು. ನಮ್ಮ ಭಾಷೆಯಲ್ಲಿಯೇ ಈ ಭೇದವಿದೆ. ಕಳ್ಳನಿಗೆ ಕೊಡಬೇಕಾಗಿ ಬಂತು ಎನ್ನುತ್ತೇವೆ, ಸಾಲಗಾರನಾದವನು ಕೊಡತಕ್ಕದ್ದು ಎನ್ನುತ್ತೇವೆ. ಕಾನೂನು ಬರಿಯ ಬೆದರಿಕೆಯಾದರೆ ತೆರಿಗೆ ವಸೂಲಿಗೂ ದರೋಡೆಗೂ ಅಂತರವೇ ಉಳಿಯುವುದಿಲ್ಲ.

ಅಂತರವಿರುವುದು ನಿಯಮವನ್ನು ನೋಡುವ ದೃಷ್ಟಿಯಲ್ಲಿ. ರಸ್ತೆಯ ಕೆಂಪುದೀಪವನ್ನು ಹೊರಗಿನಿಂದ ಗಮನಿಸುವವನಿಗೆ ದೀಪ ಹೊತ್ತಿದಾಗ ವಾಹನಗಳು ಬಹುಶಃ ನಿಲ್ಲುತ್ತವೆ ಎಂಬುದಷ್ಟೇ ತಿಳಿಯುತ್ತದೆ. ವಾಹನ ನಡೆಸುವವನಿಗೆ ಅದು ತಾನು ನಿಲ್ಲಬೇಕೆಂಬುದಕ್ಕೆ ಕಾರಣ. ಇದನ್ನು ಹಾರ್ಟರು ನಿಯಮದ ಒಳದೃಷ್ಟಿ ಎಂದು ಕರೆದರು. ತೂಕದ ಇನ್‌ಸ್ಪೆಕ್ಟರು ಬರುವ ಸುಳಿವು ಸಿಕ್ಕಿದಾಗ ಮಾತ್ರ ತಕ್ಕಡಿಯನ್ನು ಸರಿಪಡಿಸುವವನು ಹೊರಗೆ ನಿಂತು ಕಾನೂನನ್ನು ನೋಡುತ್ತಿದ್ದಾನೆ. ಸಿಕ್ಕಿಬೀಳುವ ಸಂಭವವೆಷ್ಟು, ದಂಡವೆಷ್ಟು ಎಂಬುದಷ್ಟೇ ಅವನ ಲೆಕ್ಕ.

ಇಷ್ಟರಿಂದ ಒಳದೃಷ್ಟಿಯೇ ವ್ರತವೆಂದು ಭಾವಿಸಿದರೆ ಅವಸರವಾದೀತು. ಕಾನೂನನ್ನು ಒಳಗಿನಿಂದ ಒಪ್ಪುವವನು ನೈತಿಕ ಕಾರಣಕ್ಕಾಗಿಯೇ ಒಪ್ಪಬೇಕಾಗಿಲ್ಲ. ದೂರದ ಲಾಭಕ್ಕಾಗಿ, ಹಿರಿಯರು ಹಾಗೆ ನಡೆದರೆಂಬ ರೂಢಿಯಿಂದ, ಎಲ್ಲರಂತೆ ಇರಬೇಕೆಂಬ ಆಸೆಯಿಂದಲೂ ಒಪ್ಪಬಹುದು ಎಂದು ಹಾರ್ಟರು ಸ್ಪಷ್ಟವಾಗಿ ಬರೆದಿದ್ದಾರೆ. ನಮ್ಮ ಸೂತ್ರಕಾರರಿಗೆ ಇಷ್ಟು ಸಾಲದು. ಮಾಯೆ, ಮಿಥ್ಯಾತ್ವ, ನಿದಾನ ಎಂಬ ಮೂರು ಶಲ್ಯಗಳಿಲ್ಲದವನೇ ವ್ರತಿ. ಲಾಭದ ಆಸೆಯಿಂದ ಪ್ರಾಮಾಣಿಕನಾಗಿರುವವನನ್ನು ಹಾರ್ಟರು ಕಾನೂನು ಒಪ್ಪಿದವರ ಪಂಕ್ತಿಯಲ್ಲಿ ಸೇರಿಸುತ್ತಾರೆ. ಆಚಾರ್ಯರು ವ್ರತಿಗಳ ಪಂಕ್ತಿಯಲ್ಲಿ ಸೇರಿಸುವುದಿಲ್ಲ. ಒಬ್ಬರು ರಾಜ್ಯವು ನಿಲ್ಲುವ ಬಗೆಯನ್ನು ವಿವರಿಸುತ್ತಿದ್ದಾರೆ, ಇನ್ನೊಬ್ಬರು ಜೀವನ ಬಂಧಮೋಕ್ಷಗಳ ವಿಚಾರವನ್ನು. ಈ ಭೇದ ಸಹಜವೇ.

ನಮ್ಮ ಟ್ರಸ್ಟುಗಳ ಪದಾಧಿಕಾರಿಗಳಿಗೆ ಹೆಚ್ಚು ಮುಖ್ಯವಾಗಬೇಕಾದುದು ಹಾರ್ಟರ ಇನ್ನೊಂದು ವಿಚಾರ. ಕಾನೂನು ಏನಿದೆ ಎಂಬುದು ಒಂದು ಪ್ರಶ್ನೆ, ಅದು ಒಳ್ಳೆಯದೇ ಎಂಬುದು ಬೇರೆ ಪ್ರಶ್ನೆ, ಎರಡನ್ನೂ ಬೆರೆಸಬಾರದು. ಸಿಂಧುವಾದ ಕಾನೂನೂ ಪಾಲಿಸಲಾರದಷ್ಟು ಕೆಟ್ಟದ್ದಾಗಿರಬಹುದು. ಇದಕ್ಕೆ ಅವರು ಜರ್ಮನಿಯ ಒಂದು ಪ್ರಕರಣವನ್ನು ಎತ್ತಿಕೊಂಡರು. 1944ರಲ್ಲಿ ಗಂಡನನ್ನು ತೊಲಗಿಸಬೇಕೆಂದಿದ್ದ ಒಬ್ಬ ಹೆಂಗಸು, ಅವನು ಮನೆಯಲ್ಲಿ ಹಿಟ್ಲರನನ್ನು ಹಳಿದನೆಂದು ಅಧಿಕಾರಿಗಳಿಗೆ ದೂರಿತ್ತಳು. ನಾತ್ಸಿ ಶಾಸನದ ಪ್ರಕಾರ ಅವನಿಗೆ ಮರಣದಂಡನೆ ವಿಧಿಸಲಾಯಿತು. ಕೊಲ್ಲದೆ ಯುದ್ಧರಂಗಕ್ಕೆ ಕಳುಹಿಸಿದರು. 1949ರಲ್ಲಿ ಅವಳ ವಿಚಾರಣೆ ನಡೆದಾಗ ತಾನು ಯಾವ ಕಾನೂನನ್ನೂ ಮೀರಿಲ್ಲವೆಂಬುದೇ ಅವಳ ವಾದ. ಆ ಶಾಸನವು ಕಾನೂನೇ ಆಗಿರಲಿಲ್ಲವೆಂದು ನ್ಯಾಯಾಲಯ ತೀರ್ಮಾನಿಸಿತೆಂಬ ವರದಿಯನ್ನು ನಂಬಿ ಹಾರ್ಟರು ಆಕ್ಷೇಪವೆತ್ತಿದರು (ವರದಿ ನಿಖರವಲ್ಲವೆಂದು ಅನಂತರ ತಿಳಿಯಿತು). ಅದು ಕಾನೂನೇ ಹೌದು, ಆದರೆ ದುಷ್ಟ ಕಾನೂನು ಎಂದು ಒಪ್ಪಿಕೊಂಡು, ಶಿಕ್ಷಿಸಲೇಬೇಕಾದರೆ ಪೂರ್ವಾನ್ವಯವಾಗುವ ಹೊಸ ಶಾಸನವನ್ನು ಬಹಿರಂಗವಾಗಿ ಮಾಡುವುದೇ ಪ್ರಾಮಾಣಿಕ ಮಾರ್ಗವೆಂದು ಅವರ ಮತ. ಅಮೆರಿಕದ ಲಾನ್ ಫುಲ್ಲರ್ ಇದನ್ನು ಒಪ್ಪಲಿಲ್ಲ. ಇಬ್ಬರ ಲೇಖನಗಳೂ 1958ರ ‘ಹಾರ್ವರ್ಡ್ ಲಾ ರಿವ್ಯೂ’ದಲ್ಲಿ ಅಚ್ಚಾದವು.

ಕೃತ, ಕಾರಿತ, ಅನುಮೋದನೆ ಎಂಬ ಮೂರು ಬಗೆಗಳನ್ನು ಬಲ್ಲ ನಮಗೆ ಆ ಹೆಂಗಸಿನ ಹೊಣೆಯನ್ನು ನಿರ್ಣಯಿಸಲು ಹೊಸ ಶಾಸನ ಬೇಕಾಗಿಲ್ಲ. ಕೊಲೆಯ ಆದೇಶ ಬೇರೆಯವರದು, ಅದನ್ನು ಮಾಡಿಸಹೊರಟವಳು ಅವಳು. ಆದರೆ ಅವಳ ವಾದವನ್ನು ನಾವು ಬಹಳ ದೂರದ್ದೆಂದು ತಿಳಿಯುವಂತಿಲ್ಲ. ಬಸದಿಯ ಲೆಕ್ಕದಲ್ಲಿ ಒಂದು ನಿಧಿಗೆಂದು ಬಂದ ಹಣ ಇನ್ನೊಂದಕ್ಕೆ ಖರ್ಚಾಗಿದೆಯೆಂದು ಯಾರಾದರೂ ಕೇಳಿದರೆ, ಕಾನೂನಿನಲ್ಲಿ ಅವಕಾಶವಿದೆ, ಆಡಿಟರು ಸಹಿ ಹಾಕಿದ್ದಾರೆ ಎಂಬ ಉತ್ತರ ಸಿದ್ಧವಾಗಿರುತ್ತದೆ. ಆಡಿಟರ ಸಹಿಯು ಮೊದಲನೆಯ ಪ್ರಶ್ನೆಗೆ ಮಾತ್ರ ಉತ್ತರ. ಜೀರ್ಣೋದ್ಧಾರಕ್ಕೆಂದು ಕೊಟ್ಟ ದಾನಿಯು ಇದನ್ನು ತಿಳಿದರೆ ಒಪ್ಪುತ್ತಿದ್ದನೇ ಎಂಬುದು ಎರಡನೆಯದು. ಇದಕ್ಕೆ ವಿಪರೀತವಾದ ವಾದವೂ ಉಂಟು: ಇದು ಸರ್ಕಾರದ ಕಟ್ಟಳೆ, ಧರ್ಮಕ್ಕೂ ಇದಕ್ಕೂ ಸಂಬಂಧವಿಲ್ಲ, ಆದುದರಿಂದ ಪಡೆದದ್ದಕ್ಕಿಂತ ಹೆಚ್ಚಿನ ಮೊತ್ತಕ್ಕೆ ರಶೀದಿ ಕೊಟ್ಟರೆ ದೋಷವೇನು ಎಂದು. ಹಾಗೆ ಉಳಿಸಿದ ತೆರಿಗೆಯನ್ನು ಬೇರೆ ಯಾರೋ ತುಂಬಿಕೊಡಬೇಕಾಗುತ್ತದೆ. ಆಚಾರ್ಯರು ಅತಿಕ್ರಮವನ್ನು ಕಳ್ಳತನದ ಜೊತೆಗೆ ಇಟ್ಟದ್ದು ಈ ಕಾರಣದಿಂದಲೇ ಎಂದು ನನ್ನ ತಿಳಿವಳಿಕೆ.

ಹಾಗಾದರೆ ರಾಜ್ಯದ ಆಜ್ಞೆಯೇ ಧರ್ಮದ ಮೇಲೆ ಬಂದಾಗ? 2015ರ ಆಗಸ್ಟ್ 10ರಂದು ರಾಜಸ್ಥಾನದ ಉಚ್ಚ ನ್ಯಾಯಾಲಯವು ಸಲ್ಲೇಖನವನ್ನು ಆತ್ಮಹತ್ಯೆಯೆಂದು ಬಗೆದು, ಆಗ ಜಾರಿಯಲ್ಲಿದ್ದ ದಂಡಸಂಹಿತೆಯ 306 ಮತ್ತು 309ನೆಯ ಕಲಮುಗಳಡಿ ಕ್ರಮಕ್ಕೆ ಆದೇಶಿಸಿತು. ಶ್ರವಣಬೆಳಗೊಳದ ಚಂದ್ರಗಿರಿಯ ಮೇಲೆ ಸಮಾಧಿಮರಣದ ಶಾಸನಗಳನ್ನು ಓದಿದವರಿಗೆ ಆ ದಿನಗಳ ಕಳವಳ ನೆನಪಿರಬಹುದು. ಆದೇಶ ತಪ್ಪೆಂದು ಸಮಾಜ ಹೇಳಿತು, ಶಾಂತವಾಗಿ ಬೀದಿಗಿಳಿಯಿತು, ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. ಆಗಸ್ಟ್ 31ರಂದು ತಡೆಯಾಜ್ಞೆ ಸಿಕ್ಕಿತು. ನಿಯಮವನ್ನು ಒಳಗಿನಿಂದ ಒಪ್ಪಿದವರು ತಪ್ಪು ನಿರ್ಣಯವನ್ನು ನಿಯಮದ ದಾರಿಯಿಂದಲೇ ಎದುರಿಸಿದ್ದಕ್ಕೆ ಇದು ಒಳ್ಳೆಯ ನಿದರ್ಶನ. ತಡೆಯಾಜ್ಞೆ ಸಿಗದಿದ್ದರೆ ವ್ರತಧಾರಿಗಳು ಏನು ಮಾಡಬೇಕಾಗಿತ್ತೆಂಬುದು ಸುಲಭದ ಪ್ರಶ್ನೆಯಲ್ಲ. ಹಾರ್ಟರ ಗ್ರಂಥವೂ ಅದನ್ನು ಓದುಗನ ಅಂತಃಕರಣಕ್ಕೆ ಬಿಡುತ್ತದೆ.

ಒಂದು ವಿಷಯದಲ್ಲಿ ಮಾತ್ರ ನಾವು ಅವರಿಂದ ಬೇರೆಯಾಗಲೇಬೇಕು. ಯಾವ ಸಮಾಜದಲ್ಲಿಯೂ ಹಿಂಸೆಗೆ ತಡೆ ಹಾಕುವ ನಿಯಮವಿರುವುದೇಕೆ ಎಂಬುದಕ್ಕೆ ಅವರು ಕೊಡುವ ಕಾರಣಗಳಲ್ಲಿ ಎರಡು ಮುಖ್ಯ: ಮನುಷ್ಯರು ಒಬ್ಬರನ್ನೊಬ್ಬರು ಘಾಸಿಗೊಳಿಸಬಲ್ಲರು, ಮತ್ತು ಅವರ ಬಲ ಸುಮಾರಾಗಿ ಸಮಾನ. ಮೈಗೆ ಗಟ್ಟಿಯಾದ ಚಿಪ್ಪು ಇದ್ದಿದ್ದರೆ ಕೊಲೆಯನ್ನು ನಿಷೇಧಿಸುವ ಅಗತ್ಯವೇ ಬೇರೆಯಾಗುತ್ತಿತ್ತೆಂದು ಅವರೇ ಹೇಳುತ್ತಾರೆ. ಈ ತರ್ಕದಲ್ಲಿ ನಮ್ಮನ್ನು ತಿರುಗಿ ಹೊಡೆಯಲಾರದ ಇರುವೆಗೂ ಹಸುರಿಗೂ ಎಡೆಯಿಲ್ಲ. ಪ್ರಾಣಿಗಳನ್ನು ಪೀಡಿಸಬಾರದೆಂದು ಒಪ್ಪಿದರೂ ಅವುಗಳಿಗೆ ಹಕ್ಕಿದೆಯೆನ್ನುವುದು ಸರಿಯಾದ ಮಾತಲ್ಲವೆಂದು 1955ರ ಒಂದು ಲೇಖನದಲ್ಲಿ ಅವರು ಬರೆದಿದ್ದರು. ಏಕೇಂದ್ರಿಯದಿಂದ ಎಣಿಸತೊಡಗುವ ನಮ್ಮ ಅಹಿಂಸೆ ಪ್ರತಿಹಿಂಸೆಯ ಭಯವಿಲ್ಲದ ಕಡೆಯಲ್ಲಿಯೂ ತಡೆ ಹಾಕುತ್ತದೆ. ವಿಶೇಷವೆಂದರೆ, 1970ರಲ್ಲಿ ಜೆ. ಎಚ್. ಬರ್ನ್ಸ್ ಅವರೊಡನೆ ಹಾರ್ಟರೇ ಸಂಪಾದಿಸಿದ ಜೆರೆಮಿ ಬೆಂಥಮ್ಮರ ಗ್ರಂಥದಲ್ಲಿ ಒಂದು ಅಡಿಟಿಪ್ಪಣಿಯಿದೆ. ಪ್ರಾಣಿಗಳ ವಿಷಯದಲ್ಲಿ ಕೇಳಬೇಕಾದುದು ಅವು ತರ್ಕಿಸಬಲ್ಲವೇ, ಮಾತನಾಡಬಲ್ಲವೇ ಎಂದಲ್ಲ, ನೋವನ್ನು ಅನುಭವಿಸಬಲ್ಲವೇ ಎಂದು ಬೆಂಥಮ್ಮರು ಅಲ್ಲಿ ಕೇಳಿದ್ದಾರೆ.