ಕಳವಳದ ನಡುವೆ ನಗೆ

ಸಂಸಾರವನ್ನು ಕೈಕೊಂಡವನಿಗೆ ಚಿಂತೆ ತಪ್ಪಿದುದಲ್ಲ. ಅರಕಲಗೂಡು ಸೀಮೆಯ ಒಕ್ಕಲಿನವನನ್ನೇ ನೋಡಬಹುದು. ಹೊಗೆಸೊಪ್ಪನ್ನು ಹದಮಾಡಿ ರಾಮನಾಥಪುರದ ಹರಾಜುಕಟ್ಟೆಗೆ ಒಯ್ಯುವವರೆಗೆ ಒಂದು ಭಯ, ಅಲ್ಲಿ ಬೆಲೆ ಕೂಗುವವರೆಗೆ ಇನ್ನೊಂದು ಭಯ. ಆಲೂಗೆಡ್ಡೆ ನೆಟ್ಟವನಿಗೆ ಮೋಡ ಕವಿದರೆ ಅಂಗಮಾರಿ ರೋಗ ತಗುಲೀತೆಂಬ ಕಳವಳ, ಕವಿಯದಿದ್ದರೆ ಮಳೆಯಿಲ್ಲವೆಂಬ ಕಳವಳ. ಇವುಗಳ ಮೇಲೆ ಸಾಲದ ಕಂತು, ಮಗಳ ಮದುವೆ, ಮುಪ್ಪಿನ ತಾಯಿಯ ಔಷಧೋಪಚಾರ. ಇವಾವುವೂ ಮಹಾವಿಪತ್ತುಗಳಲ್ಲ. ಮಹಾವಿಪತ್ತು ಬಂದಾಗ ನೆರೆಹೊರೆಯವರು ಬಂದು ಕೂಡುವರು. ಕಾಲಲ್ಲಿ ಮುರಿದ ಸಣ್ಣ ಮುಳ್ಳಿಗೆ ಯಾರೂ ಬರುವುದಿಲ್ಲ. ಅದನ್ನು ಮೆಟ್ಟಿಕೊಂಡೇ ನಡೆಯಬೇಕು.

ಇಂತಹ ಗೃಹಸ್ಥನು ಸಂಜೆಯ ಹೊತ್ತು ಒಂದು ವಿನೋದದ ಕಥೆಯನ್ನೋದಿ ನಗುವುದು, ನಾಟಕವೊಂದನ್ನು ನೋಡಿ ಮೈಮರೆಯುವುದು ಯೋಗ್ಯವೆ? ಯೋಗ್ಯವಲ್ಲವೆಂದು ಹೇಳುವ ಹಿರಿಯರು ಪ್ರತಿ ಊರಿನಲ್ಲಿಯೂ ಇದ್ದಾರೆ. ಅವರ ಆಕ್ಷೇಪವು ಎರಡು ಬಗೆಯದು. ಕಥೆಯೆಂಬುದು ಕಟ್ಟಿದ ಮಾತು, ಕಟ್ಟಿದ ಮಾತು ಸುಳ್ಳು, ಸುಳ್ಳಿನಿಂದ ಸತ್ಯದ ಸಾಧನೆಯಾಗದು ಎಂಬುದೊಂದು. ಸಾಲ ತಲೆಯ ಮೇಲಿರುವಾಗ ನಗುವವನು ಹೊಣೆಗೇಡಿ ಎಂಬುದು ಇನ್ನೊಂದು. ಈ ಮಾತುಗಳನ್ನು ಹಳೆಯ ಕಾಲದವರ ಗೊಣಗಾಟವೆಂದು ತಳ್ಳಿಹಾಕುವುದು ಸರಿಯಲ್ಲ. ಎರಡನೆಯ ಆಕ್ಷೇಪದಲ್ಲಂತೂ ತಿರುಳಿದೆ. ಮಾಡಬೇಕಾದ ಕೆಲಸವನ್ನು ಬಿಟ್ಟು ಕಥೆಯ ಮರೆಯಲ್ಲಿ ಅಡಗುವವರನ್ನು ಕಾಣದವರಾರು? ಅವರ ನಗೆಯು ಮದ್ಯಪಾನದ ಸೋದರನೇ ಸರಿ. ಇಳಿದ ಮೇಲೆ ಚಿಂತೆಯು ಬಡ್ಡಿಸಹಿತ ಬಂದು ನಿಲ್ಲುತ್ತದೆ.

ಮೊದಲನೆಯ ಆಕ್ಷೇಪಕ್ಕೆ ಹರಿಹರ ಕವಿಯೇ ಸಮಾಧಾನ ಹೇಳಿದ್ದಾನೆ. ಆತನು ಕುಂಬಾರ ಗುಂಡಯ್ಯನ ರಗಳೆಯಲ್ಲಿ ತೋರಿಸುವ ಚಿತ್ರವನ್ನು ನೆನೆಯಬೇಕು. ಗುಂಡಯ್ಯನು ಕಾಯಕದ ಮಡಕೆಯನ್ನು ತಟ್ಟುತ್ತಾನೆ; ತಟ್ಟಿದ ದನಿಯೇ ತಾಳವಾಗುತ್ತದೆ; ಆ ತಾಳಕ್ಕೆ ಸಾಕ್ಷಾತ್ ಶಿವನೇ ಇಳಿದುಬಂದು ಕುಣಿಯುತ್ತಾನೆ. ಮಣ್ಣಿನ ಗಡಿಗೆಗೆ ಜಗದೊಡೆಯನು ಹೆಜ್ಜೆ ಹಾಕಿದನೆಂಬುದನ್ನು ಓದುವಾಗ ಯಾವ ಭಕ್ತನ ತುಟಿಯಲ್ಲಿ ನಗು ಮೂಡದು? ಆ ನಗೆಯಲ್ಲಿ ಅಗೌರವವಿಲ್ಲ. ಇದು ನಡೆದ ಸಂಗತಿಯೋ ಕವಿಕಲ್ಪನೆಯೋ ಎಂದು ವಿಚಾರಣೆ ನಡೆಸುವವನು ಕೃತಿಯ ಬಾಗಿಲಲ್ಲಿಯೇ ನಿಂತುಬಿಟ್ಟನು. ದುಡಿಮೆಯ ದನಿಯಲ್ಲಿ ನಾದವಿದೆ ಎಂಬ ನಿಜವನ್ನು ಹೇಳಲು ಕವಿಗೆ ಬೇರೆ ದಾರಿಯಿರಲಿಲ್ಲ.

ಇನ್ನು ಶರಣರ ವಚನಗಳಲ್ಲಿ ನಗೆಯಿಲ್ಲವೆನ್ನುವವರು ಅವುಗಳನ್ನು ಕೈಮುಗಿದು ಓದಿದ್ದಾರೆಯೇ ಹೊರತು ಕಿವಿಗೊಟ್ಟು ಕೇಳಿಲ್ಲ. ಕಲ್ಲಿನ ಹಾವಿಗೆ ನೈವೇದ್ಯವಿಟ್ಟು ಜೀವಂತ ಹಾವಿಗೆ ಬಡಿಗೆ ಎತ್ತುವವರನ್ನು ಬಸವಣ್ಣನವರು ತೋರಿಸಿದಾಗ ಅದನ್ನು ಕೇಳಿದ ಹನ್ನೆರಡನೆಯ ಶತಮಾನದ ಜನರು ಖಂಡಿತವಾಗಿ ನಕ್ಕಿರಬೇಕು. ಅಂಬಿಗರ ಚೌಡಯ್ಯನ ಬಿರುನುಡಿಗಳನ್ನಂತೂ ಹೇಳುವುದೇ ಬೇಡ. ಆದರೆ ಇಲ್ಲೊಂದು ತೊಡಕಿದೆ. ಪರರನ್ನು ಹಳಿಯಬೇಡಿರೆಂದು ಬೋಧಿಸಿದವರೂ ಅವರೇ, ಪರರ ಆಚಾರವನ್ನು ಹಾಸ್ಯಮಾಡಿದವರೂ ಅವರೇ. ಇವೆರಡಕ್ಕೂ ಹೊಂದಿಕೆಯೆಲ್ಲಿ?

ಹೊಂದಿಕೆಯನ್ನು ಹುಡುಕಬೇಕಾದುದು ಬಸವಣ್ಣನವರು ತಮ್ಮನ್ನು ಕುರಿತು ಆಡಿದ ಮಾತುಗಳಲ್ಲಿ. ತಮ್ಮ ಮನಸ್ಸನ್ನು ಕೊಂಬೆಯಿಂದ ಕೊಂಬೆಗೆ ಹಾರುವ ಕೋತಿಗೆ ಹೋಲಿಸಲು ಅವರು ಹಿಂಜರಿಯಲಿಲ್ಲ. ಕಲ್ಯಾಣದ ಅರಮನೆಯ ಭಂಡಾರದ ಹೊಣೆ ಹೊತ್ತಿದ್ದವರು ಹೀಗೆ ಹೇಳಿಕೊಂಡರೆಂಬುದನ್ನು ಗಮನಿಸಬೇಕು. ತನ್ನನ್ನು ಮೊದಲು ಪಂಕ್ತಿಯಲ್ಲಿ ಕುಳ್ಳಿರಿಸಿಕೊಂಡು ಆಮೇಲೆ ಲೋಕವನ್ನು ನಗುವವನ ನಗೆಯು ನಿಂದೆಯಾಗದು. ತನ್ನನ್ನು ಹೊರಗಿಟ್ಟುಕೊಂಡು ನಕ್ಕರೆ ಅದು ಎಷ್ಟು ಜಾಣತನದ್ದಾಗಿದ್ದರೂ ನಿಂದೆಯೇ. ತೊದಲುವವನನ್ನು, ಕುರುಡನನ್ನು, ಬಡವನ ಹರಕು ಅಂಗಿಯನ್ನು, ಇನ್ನೊಬ್ಬರ ಹುಟ್ಟನ್ನು ಹಾಸ್ಯದ ವಸ್ತುವಾಗಿ ಮಾಡಿಕೊಂಡ ನಾಟಕಗಳು ನಾಡಿನಲ್ಲಿ ಎಷ್ಟಿಲ್ಲ! ಅವುಗಳಿಗೆ ಚಪ್ಪಾಳೆ ತಟ್ಟುವವರೂ ಇದ್ದಾರೆ. ಹಳೆಯ ಮೂಡಲಪಾಯದ ಕೋಡಂಗಿಯು ಇವರಿಗಿಂತ ಮೇಲು. ಅವನು ಮೀಸೆ ತಿರುವಿ ಗರ್ಜಿಸುವ ರಾಜನ ಮಗ್ಗುಲಲ್ಲಿ ನಿಂತು ಹಾಸ್ಯಮಾಡುತ್ತಿದ್ದನು, ಬಡವನ ಬೆನ್ನ ಮೇಲೆ ಕುಳಿತಲ್ಲ.

ಆಧುನಿಕ ಕಾಲದಲ್ಲಿ ಈ ಬಗೆಯ ನಗೆಯನ್ನು ಕನ್ನಡಿಗರಿಗೆ ಉಣಬಡಿಸಿದವರಲ್ಲಿ ಹಾಸನ ಜಿಲ್ಲೆಯವರೇ ಆದ ಗೊರೂರು ರಾಮಸ್ವಾಮಿ ಅಯ್ಯಂಗಾರರನ್ನು ಮೊದಲಿಗೆ ನೆನೆಯಬೇಕು. ಅವರು 1904ರಲ್ಲಿ ಹೇಮಾವತಿಯ ತೀರದ ಗೊರೂರಿನಲ್ಲಿ ಹುಟ್ಟಿದರು. ಅವರ ‘ಹಳ್ಳಿಯ ಚಿತ್ರಗಳು’ ಬೆಳಕು ಕಂಡುದು 1930ರಲ್ಲಿ. ಆ ವರ್ಷವನ್ನು ಮರೆಯಬಾರದು. ದೇಶದಲ್ಲಿ ಉಪ್ಪಿನ ಸತ್ಯಾಗ್ರಹ ನಡೆದಿತ್ತು. ಲೋಕದಲ್ಲೆಲ್ಲ ಧಾನ್ಯದ ಬೆಲೆ ಕುಸಿದು ರೈತನು ಕಂಗೆಟ್ಟಿದ್ದನು. ಗೊರೂರರು ಗಾಂಧೀಜಿಯವರ ಅನುಯಾಯಿಗಳು, ಅವರ ಆತ್ಮಕಥೆಯನ್ನು ಕನ್ನಡಕ್ಕೆ ತಂದವರು, 1942ರ ಚಳವಳಿಯಲ್ಲಿ ಸೆರೆಮನೆಯನ್ನು ಕಂಡವರು. ಬದುಕಿನ ಬಿಸಿ ತಾಗದವರು ಮಾತ್ರ ನಗುತ್ತಾರೆಂಬ ಮಾತಿಗೆ ಅವರ ಜೀವನವೇ ಉತ್ತರವಾಗಿದೆ.

ಅವರ ಹಳ್ಳಿಯಲ್ಲಿ ಮಹಾಪುರುಷರು ವಿರಳ. ಜಂಬಗಾರರಿದ್ದಾರೆ, ಜಿಪುಣರಿದ್ದಾರೆ, ಹಟಮಾರಿಗಳಿದ್ದಾರೆ, ಅಲ್ಪಕ್ಕೆ ಕಾದಾಡುವವರಿದ್ದಾರೆ. ಆದರೆ ಓದಿ ಮುಗಿಸಿದವನಿಗೆ ಅವರಲ್ಲಿ ಒಬ್ಬನ ಮೇಲೂ ದ್ವೇಷ ಹುಟ್ಟುವುದಿಲ್ಲ. ಕಾರಣವು ಸ್ಪಷ್ಟ. ಲೇಖಕರು ಜಗಲಿಯ ಮೇಲೆ ಕುಳಿತು ಬೀದಿಯವರನ್ನು ನೋಡುತ್ತಿಲ್ಲ, ತಾವೂ ಬೀದಿಯಲ್ಲಿಯೇ ಇದ್ದಾರೆ. ಮುಪ್ಪಿನಲ್ಲಿ ಅಮೆರಿಕಾ ದೇಶಕ್ಕೆ ಹೋಗಿಬಂದು ಬರೆದ ಪುಸ್ತಕಕ್ಕೆ ಅವರು ಇಟ್ಟ ಹೆಸರು ‘ಅಮೆರಿಕಾದಲ್ಲಿ ಗೊರೂರು’. ವ್ಯಕ್ತಿಯೂ ಊರೂ ಒಂದೇ ಹೆಸರಿನಲ್ಲಿ ವಿಮಾನವೇರಿದಂತಾಯಿತು! ಆ ಗ್ರಂಥಕ್ಕೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು.

ಅವರ ಕಥೆಯೊಂದನ್ನು ಆಧರಿಸಿ ಸಿದ್ಧಲಿಂಗಯ್ಯನವರು 1974ರಲ್ಲಿ ತೆಗೆದ ‘ಭೂತಯ್ಯನ ಮಗ ಅಯ್ಯು’ ಚಲನಚಿತ್ರವನ್ನು ಬಹುಮಂದಿ ಬಲ್ಲರು. ಭೂತಯ್ಯನು ಜನರನ್ನು ಹಿಂಡಿದ ಸಾಲಗಾರ ಧಣಿ. ಅವನು ಸತ್ತಾಗ ಹೆಣ ಹೊರಲು ಊರಿನಲ್ಲಿ ಯಾರೂ ಮುಂದೆ ಬರುವುದಿಲ್ಲ. ಸಾಲದ ಭಯವನ್ನುಂಡವನಿಗೆ ಆ ದೃಶ್ಯದಲ್ಲಿ ಮೊದಲು ಸಿಗುವುದು ಒಂದು ಬಗೆಯ ತೃಪ್ತಿ. ಮರುಕ್ಷಣದಲ್ಲಿ ಆ ತೃಪ್ತಿಯೇ ಅವನನ್ನು ನಾಚಿಸುತ್ತದೆ, ಹೆಣವನ್ನೂ ಒಂಟಿಯಾಗಿ ಬಿಡುವಷ್ಟು ಕಠಿಣವಾಯಿತೆ ಮನಸ್ಸು ಎಂದು. ತಂದೆಯ ವೈರವು ಮಗನ ತಲೆಗೇರಿ ಮನೆತನಗಳು ಹಾಳಾಗುವ ಇಂತಹ ಕಥೆಯ ನಡುವೆ ಉಪ್ಪಿನಕಾಯಿಯ ಆಸೆಗೆ ಬಿದ್ದ ಒಬ್ಬ ಹಳ್ಳಿಗನಿದ್ದಾನೆ. ಆ ಪಾತ್ರವನ್ನು ಮಾಡಿದ ಲೋಕನಾಥರಿಗೆ ಉಪ್ಪಿನಕಾಯಿ ಎಂಬ ವಿಶೇಷಣವು ಹೆಸರಿಗೇ ಅಂಟಿಕೊಂಡಿತು. ದ್ವೇಷವು ಉರಿಯುತ್ತಿರುವಾಗ ಈ ನಾಲಿಗೆಯ ಚಪಲವೇಕೆ ಎಂದು ಕೇಳಬಹುದು. ಊರೆಂದರೆ ಬರಿಯ ದ್ವೇಷವಲ್ಲ ಎಂಬುದನ್ನು ಪ್ರೇಕ್ಷಕನು ಮರೆಯದಂತೆ ಹಿಡಿದಿರುವವನು ಅವನೇ. ಅವನಿಲ್ಲದೆ ಕಡೆಯಲ್ಲಿ ಬರುವ ರಾಜಿಯನ್ನು ನಂಬುವುದೂ ಕಷ್ಟವಾಗುತ್ತಿತ್ತು.

ಕಲೆಯು ಯಾವಾಗಲೂ ನಗಿಸಿಯೇ ಹಗುರಮಾಡಬೇಕೆಂದಿಲ್ಲ. ಅರಕಲಗೂಡನ್ನು ಹೆಸರಿನಲ್ಲಿಯೇ ಹೊತ್ತ ಅ. ನ. ಕೃಷ್ಣರಾಯರು (1908-1971) ‘ಸಂಧ್ಯಾರಾಗ’ದಲ್ಲಿ ಸಂಗೀತಗಾರನೊಬ್ಬನ ಬಾಳನ್ನು ಚಿತ್ರಿಸಿದರು, ಅಲ್ಲಿ ಮನೆಯ ನೋವು ಹೇರಳ, ನಗೆ ಕಡಿಮೆ. ಇದೇ ತಾಲ್ಲೂಕಿನ ರುದ್ರಪಟ್ಟಣವು ಆರ್. ಕೆ. ಶ್ರೀಕಂಠನ್ ಅವರಂತಹ ವಿದ್ವಾಂಸರನ್ನು ಕೊಟ್ಟ ಸಂಗೀತಗ್ರಾಮ. ಒಳ್ಳೆಯ ಆಲಾಪನೆಯನ್ನು ಕೇಳುತ್ತಿರುವವನು ನಗುವುದಿಲ್ಲ, ಅಳುವುದೂ ಇಲ್ಲ; ಸ್ವಲ್ಪ ಹೊತ್ತು ತನ್ನ ಲೆಕ್ಕದ ಪುಸ್ತಕವನ್ನು ಮುಚ್ಚಿಡುತ್ತಾನೆ. ಹಾಸ್ಯವು ಮಾಡುವ ಕೆಲಸವೂ ಬಹುಮಟ್ಟಿಗೆ ಅದೇ. ಚಿಂತೆಯು ಮನುಷ್ಯನನ್ನು ಪೀಡಿಸುವುದು ತನ್ನ ಭಾರದಿಂದ ಮಾತ್ರವಲ್ಲ, ಜಗತ್ತಿನಲ್ಲಿ ತನ್ನೊಬ್ಬನಿಗೇ ಹೀಗಾಯಿತೆಂಬ ಅಭಿಮಾನದಿಂದಲೂ ಪೀಡಿಸುತ್ತದೆ. ಇದು ಅಹಂಕಾರದ ಒಂದು ವೇಷ. ದುಃಖದ ಬಟ್ಟೆ ತೊಟ್ಟಿರುವುದರಿಂದ ಯಾರೂ ಗುರುತಿಸುವುದಿಲ್ಲ. ತನ್ನ ಹಾಗೆಯೇ ಮೋಡ ನೋಡಿ ಬೆವರುವ, ಬೆಲೆ ಕೇಳಿ ಬಿಳಿಚುವ ಇನ್ನೊಬ್ಬನನ್ನು ಕಥೆಯಲ್ಲಿ ಕಂಡು ನಕ್ಕವನ ಈ ವೇಷವು ಸಡಿಲವಾಗುತ್ತದೆ. ಸಾಲವು ಇದ್ದಷ್ಟೇ ಇರುತ್ತದೆ. ಅದನ್ನು ತೀರಿಸಲು ಮರುದಿನ ಎದ್ದು ಹೊಲಕ್ಕೆ ಹೋಗುವವನ ತಲೆಯಲ್ಲಿ ಮಾತ್ರ ಒಂದಿಷ್ಟು ಜಾಗ ತೆರವಾಗಿರುತ್ತದೆ.

ಇದಕ್ಕಿಂತ ಹೆಚ್ಚಿನದನ್ನು ಕಲೆಯಿಂದ ಬೇಡಬಾರದು. ಗೊರೂರರು ಅಷ್ಟೊಂದು ಪ್ರೀತಿಯಿಂದ ಬರೆದ ಹೇಮಾವತಿಗೆ ಅವರ ಊರಿನ ಬಳಿಯಲ್ಲಿಯೇ ಕಟ್ಟೆ ಕಟ್ಟಿದರು. 1979ರಲ್ಲಿ ಆ ಅಣೆಕಟ್ಟೆಯು ಪೂರ್ಣವಾಯಿತು. ನೀರು ಬಂದ ಹೊಲಗಳು ಹಸಿರಾದವು, ನೀರಿನೊಳಗಾದ ಊರುಗಳ ಜನರು ಗಂಟುಮೂಟೆ ಕಟ್ಟಿ ಬೇರೆಡೆಗೆ ಹೋದರು. ಯಾವ ಪುಸ್ತಕವೂ ಆ ನೀರನ್ನು ತಡೆಯಲಿಲ್ಲ. ಬೇಸಿಗೆಯಲ್ಲಿ ನೀರು ಇಳಿದಾಗ ಶೆಟ್ಟಿಹಳ್ಳಿಯ ಹಳೆಯ ಇಗರ್ಜಿಯ ಗೋಡೆಗಳು ಇಂದಿಗೂ ಹೊರಗೆ ಕಾಣುತ್ತವೆ. ಆದರೆ ಆ ಹೊಳೆಯ ದಡದ ಜನರು ಜಗಳವಾಡಿದ ಬಗೆ, ಜಂಬ ಕೊಚ್ಚಿದ ಬಗೆ, ಸಂಜೆ ಜಗಲಿಯಲ್ಲಿ ಕೂಡಿ ನಕ್ಕ ಬಗೆ ಯಾವ ಬೇಸಿಗೆಯಲ್ಲಿಯೂ ಮೇಲೆ ಬರುವುದಿಲ್ಲ; ಅವು ಉಳಿದಿರುವುದು ‘ಹಳ್ಳಿಯ ಚಿತ್ರಗಳು’ ಮುಂತಾದ ಕೆಲವು ಪುಸ್ತಕಗಳ ಹಾಳೆಗಳಲ್ಲಿ.